ದಿಬ್ಬದ ಬೋರಿಂಗಿನ ನೀರು

ಜನತಾ ಪ್ಲಾಟು, ದಿಬ್ಬ
ಯಲವಿಗಿ ಹತ್ತಿರ, ಸವಣೂರು ತಾಲೂಕು
೧೪ ಜೂನ್ ೧೯೮೪

ಸೊಲ್ಲಾಪುರದಲ್ಲಿ ಮಿಲ್ಲಿನ ಭೋಂಗಾ ಕೇಳಿ ಏಳುವ ನನ್ನ ತಮ್ಮ ಮಾರೆಪ್ಪನಿಗೆ, ನಿನ್ನ ಅಕ್ಕ ಉಡಚವ್ವನ ಜೈಭೀಮ.

ನಿನ್ನ ಎರಡು ಪತ್ರಗಳೂ ಒಂದೇ ದಿನ ಬಂದವು. ಒಂದರಲ್ಲಿ ಮಳೆ ಹೇಗಿದೆ ಎಂದು ಕೇಳಿದ್ದೀ, ಇನ್ನೊಂದರಲ್ಲಿ ಬದುಕಿದ್ದೀರೋ ಸತ್ತಿದ್ದೀರೋ ಎಂದು ಬೈದಿದ್ದೀ. ಬದುಕಿದ್ದೇವೆ ಮಾರಾಯ, ಸಿಟ್ಟಿಗೇಳಬೇಡ. ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ರೈಲು ನಿಂತಿತ್ತು, ರೈಲಿನ ಜೊತೆಗೆ ಟಪಾಲೂ ನಿಂತಿತ್ತು. ನಮ್ಮ ಮನೆಯವರು, ನಿಮ್ಮ ಮಾವ, ಹಳಿ ಮೇಲೆತ್ತಲು ಗ್ಯಾಂಗಿನವರ ಸಂಗಡ ಹೋದವರು ವಾರ ಕಳೆದ ಮೇಲೆ ಮನೆಗೆ ಬಂದರು. ಕಾಲ್ಬೆರಳ ಸಂದುಗಳು ಕೊಳೆತು ಬೆಳ್ಳಗಾಗಿದ್ದವು. ಇದು ತಡವಾದದ್ದಕ್ಕೆ ಒಂದು ಕಾರಣ. ಇನ್ನೊಂದು ಏನೆಂದರೆ, ಬರೆಯಲು ಕುಳಿತಾಗಲೆಲ್ಲ ನೆರೆ ಇಳಿದ ಮೇಲೆ ಕೊಳೆತು ನಾರಿದ ಊರೇ ನೆನಪಾಗುತ್ತಿತ್ತು. ಸುಳ್ಳಲ್ಲ. ಪೆನ್ನು ಹಿಡಿದರೆ ಆ ವಾಸನೆಯೇ ಮೂಗಿಗೆ ಬಡಿದಂತಾಗಿ ಎದ್ದುಬಿಡುತ್ತಿದ್ದೆ.

ಮೊದಲು ಮಳೆಯ ಸುದ್ದಿ. ರೋಹಿಣಿ ಮಳೆ ಹುಟ್ಟುವ ಮುಂಚೆ ಒಂದು ಮಧ್ಯಾಹ್ನ, ಬಾಲವಾಡಿಯ ಹುಡುಗರಿಗೆ ಉಪ್ಪಿಟ್ಟು ಕೊಟ್ಟು ಪಾತ್ರೆ ತಿಕ್ಕುತ್ತಿದ್ದೆ. ಹಾನಗಲ್ ದಿಕ್ಕಿಗೆ ಆಕಾಶ ಕಪ್ಪಿಟ್ಟಿತು. ಗಾಳಿ ಬಂತು ನೋಡು, ನಮ್ಮ ಮನೆಯ ಮೇಲಿನ ತಗಡು ಎರಡು ಸಲ ಬಡಿದುಕೊಂಡು ಮೂರನೆಯ ಸಲಕ್ಕೆ ಹಾರಿಯೇ ಹೋಯಿತು. ದಿಬ್ಬದ ಬುಡದಲ್ಲಿರುವ ಗೌಸಬಿಯ ಆಡಿನ ದೊಡ್ಡಿಯ ಮೇಲೆ ಹೋಗಿ ಬಿತ್ತು. ಯಾವ ಆಡಿಗೂ ಪೆಟ್ಟಾಗಲಿಲ್ಲ. ಆಮೇಲೆ ಆಣೆಕಲ್ಲು, ಅದರ ಬೆನ್ನಿಗೆ ಮಳೆ. ಸಾಯಂಕಾಲದ ಹೊತ್ತಿಗೆ ಹಳ್ಳ ದಂಡೆ ಮೀರಿ ಊರೊಳಗೆ ಬಂತು. ಶಿಗ್ಗಾಂವಿಯ ಕಡೆಯೂ ಇದೇ ಗತಿಯಂತೆ, ತಡಸದ ರಸ್ತೆಯಲ್ಲಿ ಮರ ಬಿದ್ದು ಬಸ್ಸು ನಿಂತವಂತೆ. ಅಬಲೂರಿನ ಚಿಗವ್ವ ಮಾತ್ರ ಹೇಳಿಕಳಿಸಿದ್ದಾಳೆ, ಅಲ್ಲಿ ಹನಿಯೂ ಇಲ್ಲವಂತೆ, ಬಿತ್ತಲು ಮುಗಿಲು ನೋಡುತ್ತ ಕೂತಿದ್ದಾರಂತೆ. ಮಳೆರಾಯನಿಗೂ ಹಂಚುವುದು ಬರುವುದಿಲ್ಲ.

ನೆನಪಿದೆಯಲ್ಲ, ನಮಗೆ ಈ ದಿಬ್ಬದ ಮೇಲೆ ಜನತಾ ಮನೆ ಕೊಟ್ಟಾಗ ಊರೊಳಗಿನವರು ಹೇಗೆ ನಕ್ಕಿದ್ದರು? ಶಿದ್ಲಿಂಗಪ್ಪನಂತೂ ಕಟ್ಟೆಯ ಮೇಲೆ ಕೂತು, "ಹದ್ದ ಕೂಡೂ ಜಾಗಾದಾಗ ಇವರನ್ನ ಕೂಡಿಸ್ಯಾರ, ಚಲೋ ಆತು, ಊರ ಸ್ವಚ್ಛ ಆತು" ಎಂದಿದ್ದ. ಆ ಸಾಯಂಕಾಲ ಅದೇ ಶಿದ್ಲಿಂಗಪ್ಪ ಮೊಣಕಾಲಿನವರೆಗೆ ಧೋತರ ಎತ್ತಿಕೊಂಡು, ತಲೆಯ ಮೇಲೆ ಹಾಸಿಗೆಯ ಸುರುಳಿ ಹೊತ್ತು, ಹದ್ದು ಕೂಡುವ ಜಾಗಕ್ಕೆ ಏರಿ ಬಂದ. ಅವನ ಹಿಂದೆ ಅರ್ಧ ಊರೇ ಬಂತು. ನಾನು ನಗಬೇಕೆಂದಿದ್ದೆ. ಮಕ್ಕಳು ಚಳಿಗೆ ಹಲ್ಲು ಕಟಕಟಿಸುತ್ತಿದ್ದುದು ಕಂಡು ನಗು ಬರಲಿಲ್ಲ. ಅಪ್ಪ ಆಗಲೇ ಓಡಾಡುತ್ತಿದ್ದ. ತಗಡು ಉಳಿದ ಮನೆಗಳ ಬಾಗಿಲನ್ನೆಲ್ಲ ತೆರೆಸಿ, "ಬರ್ರಿ, ಒಳಗ ಬರ್ರಿ, ಕೂಸಗೋಳನ್ನ ಮೊದಲ ತರ್ರಿ" ಎಂದು ಕೂಗುತ್ತಿದ್ದ. ಅಪ್ಪನ ಮನೆಯ ತಗಡು ಹಾರಿರಲಿಲ್ಲ, ಅದಕ್ಕೆ ನಾವೂ ಅಲ್ಲೇ ಸೇರಿಕೊಂಡಿದ್ದೆವು.

ಕೆಲವರು ಬಂದರು. ಬಡವರು ಬಂದರು ಎನ್ನು. ಗೌಸಬಿ ಆಡುಗಳನ್ನೂ ಮಕ್ಕಳನ್ನೂ ಒಟ್ಟಿಗೇ ಅಟ್ಟಿಕೊಂಡು ಬಂದು, ನಮ್ಮ ಒಲೆಯ ಮುಂದೆ ಕೂತು, "ಚಾ ಇಡ ಉಡಚವ್ವಾ, ಸಾಯೂದಾದ್ರ ಚಾ ಕುಡದ ಸಾಯೂಣು" ಎಂದಳು. ಶಿದ್ಲಿಂಗಪ್ಪನ ಹೆಂಡತಿ ನೀಲಗಂಗವ್ವ ಮಾತ್ರ ಅಪ್ಪನ ಬಾಗಿಲ ಹೊರಗೆ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ನಿಂತಳು. ಮಗ್ಗುಲಲ್ಲಿ ಸೊಸೆ, ಸೊಸೆಯ ಬಗಲಲ್ಲಿ ವರ್ಷ ತುಂಬದ ಹೆಣ್ಣು ಕೂಸು, ಕೈಯಲ್ಲಿ ಎಮ್ಮೆಯ ಹಗ್ಗ.

"ಒಳಗ ಬರ್ರಿ, ಹೊರಸಿನ ಮ್ಯಾಲ ಕುಂದರ್ರಿ" ಎಂದೆ.

"ಬ್ಯಾಡವಾ, ಇಲ್ಲೇ ಇರ್ತೇವಿ. ಮಳಿ ಈಗ ನಿಂದರ್ತೈತಿ."

"ನಿಂದರೂ ಮಳಿ ಅಲ್ರಿ ಇದು."

ಆಕೆ ಒಳಗೆ ಇಣುಕಿ ನೋಡಿದಳು. ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋ, ಬುದ್ಧನ ಫೋಟೋ ಎರಡನ್ನೂ ನೋಡಿದಳು. ಆಮೇಲೆ ಹೇಳಿದ ಮಾತನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ: "ಎಮ್ಮಿ ಈದು ತಿಂಗಳಾಗಿಲ್ಲ, ಥಂಡಿ ಹತ್ತೀತು. ಅದನ್ನಷ್ಟ ಒಳಗ ಕಟ್ಟಿಕೋ."

ಎಮ್ಮೆ ಒಳಗೆ ಬಂತು, ಆಕೆ ಬರಲಿಲ್ಲ. ನಮ್ಮ ಒಲೆಯ ಪಕ್ಕ ಎಮ್ಮೆ ಸಗಣಿ ಹಾಕಿಕೊಂಡು ಬೆಚ್ಚಗೆ ನಿಂತಿತು. ಹೊರಗೆ ಆ ಎಳೆಗೂಸು ನೆನೆಯುತ್ತಿತ್ತು. ಮುಂಜಾನೆ ಎಮ್ಮೆಯನ್ನು ಹೊರಗೆಳೆದು, ಬಯಲಲ್ಲಿ ಹಿಂಡಿ, ಹಾಲು ತೆಗೆದುಕೊಂಡು ಹೋದರು. ನಮ್ಮ ಹೊಟ್ಟು ತಿಂದು, ನಮ್ಮ ಬಾನಿಯ ನೀರು ಕುಡಿದು ಕೊಟ್ಟ ಹಾಲು ಅದು. ಗೌಸಬಿಗೆ ನಗು ತಡೆಯಲಾಗಲಿಲ್ಲ. "ನಿಮ್ಮ ಹಿಂದಿನ ಜನ್ಮ ಮುಂದಿನ ಜನ್ಮ ನಾ ನಂಬೂದಿಲ್ಲ ಉಡಚವ್ವಾ. ಇದ್ದದ್ದ ಖರೇ ಆದ್ರ, ಈ ಊರಾಗ ಎಮ್ಮಿ ಆಗಿ ಹುಟ್ಟೂದ ಚಲೋ ನೋಡ" ಎಂದಳು. ನಾನೂ ನಕ್ಕೆ. ನಕ್ಕ ಮೇಲೆ ಬಾಯೆಲ್ಲ ಕಹಿಯಾಯಿತು.

ಮಳೆ ನಿಂತು ನೀರು ಇಳಿದ ಮೇಲೆ ಊರು ಹೇಗಿತ್ತು ಎಂದು ಬರೆಯಲಾರೆ, ಆದರೂ ಬರೆಯುತ್ತೇನೆ. ತಿಪ್ಪೆಗಳೆಲ್ಲ ಎದ್ದು ಓಣಿಯಲ್ಲಿ ತೇಲಾಡಿ ಮನೆಗಳ ಹೊಸ್ತಿಲಿಗೆ ಬಂದು ಕೂತಿದ್ದವು. ನೆಲದೊಳಗಿನ ಹಗೇವುಗಳಿಗೆ ನೀರು ನುಗ್ಗಿ ಜೋಳ ಕೊಳೆತು ನಾರುತ್ತಿತ್ತು. ಹಗೇವಿನ ಬಾಯಿ ತೆರೆದ ದಿನ ನಮ್ಮ ದಿಬ್ಬದ ಮೇಲೂ ಯಾರೂ ರೊಟ್ಟಿ ತಿನ್ನಲಿಲ್ಲ. ಊರ ಬಾವಿಯಲ್ಲಿ ಒಂದು ಎತ್ತು ಬಿದ್ದು ಉಬ್ಬಿತ್ತು. ಅದನ್ನು ಎತ್ತಿ ಹಾಕಲು ಯಾರನ್ನು ಕರೆದರು ಎಂದು ನಿನಗೆ ಹೇಳಬೇಕಾಗಿಲ್ಲ. ನಮ್ಮವರು ಹೋಗಲಿಲ್ಲ. ನೀನು ಕಲಿಸಿದ್ದು ಅಷ್ಟರಮಟ್ಟಿಗೆ ಉಳಿದಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಅವರ ಹುಡುಗರೇ ಎಳೆದು ಹಾಕಿದರು. ತಾಲೂಕಿನ ಸಾಹೇಬರು ಜೀಪಿನಲ್ಲಿ ಬಂದು ಕರವಸ್ತ್ರ ಮೂಗಿನಿಂದ ಕೆಳಗಿಳಿಸದೆ ಊರು ನೋಡಿ ಹೋದರು. ಅವರು ಬರುವ ಮುಂಜಾನೆ ಶಿದ್ಲಿಂಗಪ್ಪ ಗಟ್ಟಿಮುಟ್ಟಾಗಿ ನಿಂತಿದ್ದ ಗೋಡೆಯನ್ನು ಹಾರೆ ಹಾಕಿ ಕೆಡವಿ, ಪರಿಹಾರದ ಆಸೆಗೆ ಮಳೆಗೆ ಬಿತ್ತು ಎಂದು ತೋರಿಸಿದ. ಥೂ ಎನ್ನುವುದಕ್ಕೂ ಬಾಯಲ್ಲಿ ಉಗುಳು ಸಾಲದು ಮಾರ್ಯಾ.

ಈಗ ಮುಖ್ಯ ಮಾತು. ಬಾವಿ ಕೆಟ್ಟ ಮೇಲೆ ಇಡೀ ಊರಿಗೆ ಶುದ್ಧ ನೀರು ಇದ್ದದ್ದು ಒಂದೇ ಕಡೆ, ನಮ್ಮ ಬೋರಿಂಗಿನಲ್ಲಿ. ನೀನು ತಾಲೂಕು ಕಚೇರಿಯ ಮೆಟ್ಟಿಲು ಸವೆಸಿ ತಂದ ಬೋರಿಂಗು. ಬೋರು ಕೊರೆಯುವ ಲಾರಿಯನ್ನು ಊರೊಳಗಿನವರು ಕೆಳಗಿನ ಓಣಿಯಲ್ಲೇ ತರುಬಿದಾಗ, "ಆರ್ಡರಿನಾಗ ದಿಬ್ಬ ಅಂತ ಬರದೈತಿ, ದಿಬ್ಬಕ್ಕ ನಡೀರಿ" ಎಂದು ಗಾಲಿಯ ಮುಂದೆ ಮಲಗಿದ್ದೆಯಲ್ಲ, ಆ ಬೋರಿಂಗು. ನೀರು ಬಂದ ದಿನ ಅಪ್ಪ ಅಂಗಿ ಕಳಚದೆ ಅದರ ಕೆಳಗೆ ನಿಂತುಬಿಟ್ಟಿದ್ದ. ಹುಟ್ಟಿದಾಗಿನಿಂದ ಬೇರೆಯವರು ಎತ್ತರದಿಂದ ಸುರಿದ ನೀರನ್ನು ಬೊಗಸೆಯೊಡ್ಡಿ ಕುಡಿದವನು ಅವನು. "ಇದಕ್ಕ ಕೇಳೂದ ಇಲ್ಲ, ಕೈ ಹಚ್ಚಿದ್ರ ಬರ್ತೈತಿ" ಎಂದು ಚಿಕ್ಕ ಹುಡುಗನ ಹಾಗೆ ಹೊಡೆದದ್ದೇ ಹೊಡೆದದ್ದು.

ಊರೊಳಗಿನ ಹೆಂಗಸರು ಕೊಡ ಹಿಡಿದು ದಿಬ್ಬ ಹತ್ತಿದಾಗ ನನಗೆ ಬೇಜಾರೇನೂ ಆಗಲಿಲ್ಲ. ನೀರು ಯಾರಪ್ಪನ ಮನೆಯದೂ ಅಲ್ಲ, ಕುಡಿಯಲಿ ಎಂದುಕೊಂಡೆ. ಮೊದಲ ದಿನ ನನ್ನ ಕೊಡ ತುಂಬಿತು, ಸರಿದು ನಿಂತೆ. ನೀಲಗಂಗವ್ವ ಮುಂದೆ ಬಂದಳು. ಕೊಡದೊಳಗಿಂದ ಹುಣಸೆಹಣ್ಣು ತೆಗೆದಳು, ಬೂದಿಯ ಪೊಟ್ಟಣ ತೆಗೆದಳು, ತೆಂಗಿನ ನಾರು ತೆಗೆದಳು. ಬೋರಿಂಗಿನ ಹಿಡಿಕೆಯನ್ನು ತಿಕ್ಕಿದಳು, ಮೂತಿಯನ್ನು ತಿಕ್ಕಿದಳು. ದೇವರ ದೀಪದ ಸಮೆ ತಿಕ್ಕುವಂತೆ ತಿಕ್ಕಿ, ತೊಳೆದು, ಆಮೇಲೆ ಹಿಡಿಕೆಗೆ ಕೈ ಹಚ್ಚಿದಳು. ಹಿಂದಿನವರೆಲ್ಲ ಸುಮ್ಮನೆ ಕಾಯುತ್ತಿದ್ದರು. ನಾನು ಅಲ್ಲೇ, ಒಂದು ಮಾರು ದೂರದಲ್ಲಿ, ಸೊಂಟದ ಮೇಲೆ ಕೊಡ ಇಟ್ಟುಕೊಂಡು ನಿಂತಿದ್ದೇನೆ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ನೋಡಿ ಬೈದಿದ್ದರೆ ಅಷ್ಟು ಹೇಸಿಗೆ ಆಗುತ್ತಿರಲಿಲ್ಲ.

ಮರುದಿನವೂ ಅದೇ. ಅವರ ನಡುವೆ ನಮ್ಮವಳೊಬ್ಬಳು ನೀರು ಹೊಡೆದರೆ ಮತ್ತೆ ಹುಣಸೆಹಣ್ಣು, ಮತ್ತೆ ಬೂದಿ. ಮೂರನೆಯ ದಿನ ನಾನು ಬೋರಿಂಗಿನ ಕಟ್ಟೆಯ ಮೇಲೆ ಹಿಡಿಕೆ ಹಿಡಿದು ಕೂತುಬಿಟ್ಟೆ.

"ನೀರ ಬೇಕಾದ್ರ ತಗೋರಿ. ಹಿಡಿಕಿ ತೊಳದ ಮುಟ್ಟೂದಾದ್ರ ಮುಟ್ಟಬ್ಯಾಡ್ರಿ" ಎಂದೆ.

"ನಿನಗೇನರ ಅಂದೇವೇನ ಉಡಚಿ? ಕಬ್ಬಣ ತೊಳದೇವಿ. ಜಂಗ ಹಿಡದಿತ್ತು" ಎಂದಳು ನೀಲಗಂಗವ್ವ.

"ಜಂಗ ನಮ್ಮ ಕೈಯಾಗ ಇತ್ತೇನ್ರಿ?"

"ಪದ್ಧತಿ ಬಿಟ್ಟ ನಡಿಯಾಕ ಆಗ್ತೈತೇನ? ನಿಮಗ ಯಾವುದೂ ಇಲ್ಲ, ನಮಗ ಐತಿ."

"ನಿಮ್ಮ ಎಮ್ಮಿಗೂ ಇತ್ತಲ್ರಿ ಪದ್ಧತಿ? ಅದನ್ನೂ ಹುಣಸಿಹಣ್ಣ ಹಚ್ಚಿ ತೊಳದ ಕರಕೊಂಡ ಹೋದ್ರೇನು?"

ಗೌಸಬಿ ಸೆರಗು ಬಾಯಿಗೆ ಹಿಡಿದು ನಕ್ಕಳು. ಉಳಿದ ಯಾರೂ ನಗಲಿಲ್ಲ. ಖಾಲಿ ಕೊಡ ಹೊತ್ತು ಎಲ್ಲರೂ ದಿಬ್ಬ ಇಳಿದರು. ಇಳಿದು ಎಲ್ಲಿಗೆ ಹೋದರು ಗೊತ್ತೇ? ಅದೇ ಬಾವಿಗೆ. ಎತ್ತು ಕೊಳೆತ ಬಾವಿಗೆ. ಬಿಳಿ ಪೌಡರು ಹಾಕಿದ ಆ ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಕುಡಿದರು. ನಾವು ಮುಟ್ಟಿದ ಕಬ್ಬಿಣಕ್ಕಿಂತ ಸತ್ತ ಎತ್ತು ಅವರಿಗೆ ಸ್ವಚ್ಛ.

ಇಲ್ಲಿಗೆ ನಿಲ್ಲಿಸಿದ್ದೆ, ಒಲೆಯ ಮೇಲೆ ಹಾಲು ಉಕ್ಕಿತು. ಮತ್ತೆ ಕೂತು ಮುಂದಿನದನ್ನು ಬರೆಯುತ್ತಿದ್ದೇನೆ.

ವಾಂತಿಭೇದಿ ಬರಬೇಕಾದದ್ದೇ, ಬಂತು. ದೊಡ್ಡವರು ಹೇಗೋ ತಡೆದುಕೊಂಡರು. ನೀಲಗಂಗವ್ವನ ಮೊಮ್ಮಗಳಿಗೆ ಹತ್ತಿತು, ಆ ರಾತ್ರಿ ಹೊರಗೆ ನೆನೆದ ಕೂಸಿಗೆ. ದವಾಖಾನೆಯ ನರ್ಸಬಾಯಿ ಸೈಕಲ್ ನೂಕಿಕೊಂಡು ಕೆಸರಿನಲ್ಲಿ ಬಂದು ನೋಡಿ, ಎಲ್ಲರ ಮುಂದೆ ಗದರಿಸಿದಳಂತೆ: "ಬೋರಿಂಗ ನೀರ ಕಾಯಿಸಿ, ಆರಿಸಿ, ಉಪ್ಪು ಸಕ್ಕರಿ ಹಾಕಿ ಚಮಚಾ ಚಮಚಾ ಹಾಕ್ರಿ. ಬಾವಿ ನೀರ ಇನ್ನೊಂದ ಹನಿ ಹೋದ್ರ ಕೂಸ ಉಳಿಯೂದಿಲ್ಲ, ನನ್ನ ಕೇಳಬ್ಯಾಡ್ರಿ." ಸವಣೂರಿಗೆ ಕರೆದೊಯ್ಯೋಣವೆಂದರೆ, ಸಾಹೇಬರ ಜೀಪು ಹೋದ ಮೇಲೆ ಸುರಿದ ಮಳೆಗೆ ಹಳ್ಳದ ಸೇತುವೆ ಕಿತ್ತುಹೋಗಿತ್ತು. ಅಂದರೆ ಕೂಸು ಬದುಕುವುದು ಸಾಯುವುದು ಎರಡೂ ನಮ್ಮ ಬೋರಿಂಗಿಗೆ ಬಂದು ನಿಂತಿತು.

ಅಂದು ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ನೀಲಗಂಗವ್ವನ ಸೊಸೆ ಬಂದಳು. ಹಾನಗಲ್ ಕಡೆಯ ಹುಡುಗಿ, ಇನ್ನೂ ಮಾತು ಬಿಚ್ಚಿ ಆಡದವಳು. ಕೊಡವನ್ನು ಕಟ್ಟೆಯ ಮೇಲಿಟ್ಟು, "ಅಕ್ಕಾ" ಎಂದಳು. ಅಷ್ಟೇ. ಆಕೆಯ ಕೈಯಲ್ಲಿ ಹುಣಸೆಹಣ್ಣು ಇರಲಿಲ್ಲ. ಹಿಡಿಕೆ ಎತ್ತಲೂ ಶಕ್ತಿ ಇರಲಿಲ್ಲ. ನಾನೇ ಹೊಡೆದು ತುಂಬಿಸಿ, ಆಕೆಯ ಸೊಂಟಕ್ಕೆ ಏರಿಸಿಕೊಟ್ಟೆ. ಸೆರಗಿನಲ್ಲಿ ಸ್ವಲ್ಪ ಸಕ್ಕರೆ ಕಟ್ಟಿಕೊಟ್ಟೆ, ಬಾಲವಾಡಿಯದು. "ಕಾಯಿಸಿ ಹಾಕವಾ, ಹೆದರಬ್ಯಾಡ" ಎಂದೆ.

ಮುಂದಿನದನ್ನು ಗೌಸಬಿ ಅವರ ಮನೆಯೆದುರಿನ ತನ್ನ ಬಾಗಿಲಿನಿಂದ ಕಣ್ಣಾರೆ ನೋಡಿ ಓಡಿ ಬಂದು ಹೇಳಿದಳು. ಸೊಸೆ ಹೊಸ್ತಿಲು ದಾಟುವ ಮೊದಲೇ ನೀಲಗಂಗವ್ವ ಅಡ್ಡ ನಿಂತಳಂತೆ. "ಹಿಡಿಕಿ ತೊಳದೀಯೋ ಇಲ್ಲೋ?" ಎಂದು ಕೇಳಿದಳಂತೆ. ಆ ಹುಡುಗಿಗೆ ಸುಳ್ಳು ಹೇಳಲು ಬರಲಿಲ್ಲ. "ಆಕೀನ ಹೊಡದ ಕೊಟ್ಲು" ಎಂದಳಂತೆ. ನೀಲಗಂಗವ್ವ ಕೊಡ ಕಸಿದುಕೊಂಡು ಗಟಾರಕ್ಕೆ ಸುರಿದಳು. ಒಳಗೆ ಕೂಸು ಅಳುವುದನ್ನೂ ಬಿಟ್ಟಿತ್ತಂತೆ, ಅಳಲು ಕಸುವು ಉಳಿದಿರಲಿಲ್ಲ. "ತೌಬಾ ತೌಬಾ, ಅಜ್ಜಿ ಅಲ್ಲ ಅದು, ಕಲ್ಲ" ಎಂದು ಗೌಸಬಿ ಎದೆ ಬಡಿದುಕೊಂಡಳು. ನನಗೆ ನಿಂತಲ್ಲೇ ವಾಂತಿ ಬಂತು ತಮ್ಮಾ. ನಾನು ಬಾವಿ ನೀರು ಕುಡಿದಿರಲಿಲ್ಲ, ಆದರೂ ಬಂತು.

ಸಾಯಂಕಾಲ ಶಿದ್ಲಿಂಗಪ್ಪ ಬಂದ. ಬೇವಿನ ಗಿಡದ ಆಚೆ ನಿಂತು, ನನ್ನನ್ನು ಕಂಡೂ ಕಾಣದವನ ಹಾಗೆ ಅಪ್ಪನ ಜೊತೆ ಮಾತಾಡಿದ. ಕಣ್ಣು ಕೆಂಪಾಗಿದ್ದವು, ಅತ್ತಿದ್ದನೇನೋ. ಅದನ್ನೂ ಬರೆಯಬೇಕು, ಬರೆಯುತ್ತೇನೆ.

"ಗುತ್ತೆಪ್ಪಾ, ನಿನ್ನ ಮಗಳ ಹಿಡಿಕಿ ಹಿಡಕೊಂಡ ಕುಂತಾಳ. ನಮ್ಮ ಹೆಣ್ಣಮಕ್ಕಳ ಸ್ವಭಾವ ನಿನಗ ಗೊತ್ತಿಲ್ಲೇನ? ನಾ ಹೇಳಿದ್ರ ಕೇಳಾಂಗಿಲ್ಲ. ಕೂಸಿನ ಮುಖಾ ನೋಡಿ ಏನರ ಮಾಡ."

ಅಪ್ಪ ತಲೆ ತಗ್ಗಿಸಿ ಕೂತಿದ್ದ. ನಾನೇ ಬಾಯಿ ಹಾಕಿದೆ: "ಕೂಸಿನ ಮುಖಾ ನೀವ ನೋಡ್ರಿ. ನಿಮ್ಮ ಮನ್ಯಾಗ ಐತಿ ಕೂಸು. ನೀರ ಇಲ್ಲೈತಿ, ಯಾರೂ ಬ್ಯಾಡ ಅಂದಿಲ್ಲ. ಒಂದ ಹಿಡಿಕಿ ಮುಟ್ಟಿದ್ರ ಬದಕ್ತೈತಿ."

"ನಿನ್ನ ಕೂಡ ಮಾತಾಡಾಕ ಬಂದಿಲ್ಲ ನಾ" ಎಂದು ಹೋದ.

ಅಪ್ಪ ಆ ದಿನ ಊಟ ಸರಿಯಾಗಿ ಮಾಡಲಿಲ್ಲ. "ಎಷ್ಟ ಸಣ್ಣದೈತಿ ಅಲ್ಲ ಆ ಕೂಸು" ಎಂದ.

ಮರುದಿನ ಬಾಲವಾಡಿಗೆ ಹೊರಟಾಗ ನೋಡುತ್ತೇನೆ, ಊರೊಳಗಿನ ಹೆಂಗಸರು ಬೋರಿಂಗಿನ ಮುಂದೆ ಪಾಳಿ ಹಚ್ಚಿ ನಿಂತಿದ್ದಾರೆ. ಯಾರ ಕೈಯಲ್ಲೂ ಹುಣಸೆಹಣ್ಣಿಲ್ಲ, ಬೂದಿ ಇಲ್ಲ. ನೀಲಗಂಗವ್ವ ಸೀದಾ ಹಿಡಿಕೆಗೆ ಕೈ ಹಚ್ಚಿ ಹೊಡೆದಳು, ತುಂಬಿಕೊಂಡಳು, ಹೋದಳು. ಹಿಂದೆ ಸೊಸೆ ಒಂದು ಕೊಡ. ಜಗಳವಿಲ್ಲ, ಸದ್ದಿಲ್ಲ. ನಾನು ನಿಂತೇ ಇದ್ದೆ. ಆ ಕ್ಷಣ ಅನ್ನಿಸಿದ್ದನ್ನು ಇದ್ದ ಹಾಗೆ ಹೇಳುತ್ತೇನೆ: ಗೆದ್ದೆವು ಅನ್ನಿಸಿತು. ನೀನು ಲಾರಿಯ ಮುಂದೆ ಮಲಗಿದ್ದು ಇವತ್ತು ಸಾರ್ಥಕವಾಯಿತು ಅನ್ನಿಸಿತು. ಗೌಸಬಿಯ ಮನೆಗೆ ಹೋಗಿ, "ನೋಡಿದೇನ, ಬಗ್ಗಿದ್ಲು" ಎಂದೆ. ಒಂದು ಮಾತಿಗೆ ಹತ್ತು ಮಾತು ಆಡುವ ಗೌಸಬಿ ಅಂದು ಆಡಿಗೆ ಸೊಪ್ಪು ಹಾಕುತ್ತ ಸುಮ್ಮನೇ ಇದ್ದಳು.

ಕೂಸು ಉಳಿಯಿತು. ಮೂರು ದಿನ ಚಮಚದಲ್ಲಿ ಹಾಕಿದ ಮೇಲೆ ಕಣ್ಣು ತೆರೆದು ಹಾಲಿಗೆ ಅತ್ತಿತಂತೆ. ಈಗ ಚೆನ್ನಾಗಿದೆ, ಅಂಬೆಗಾಲು ಇಡುತ್ತದಂತೆ. ಮುಂದಿನ ಶುಕ್ರವಾರ ದ್ಯಾಮವ್ವನಿಗೆ ಉಡಿ ತುಂಬುತ್ತಾರಂತೆ, ಆಕೆಯೇ ಉಳಿಸಿದಳಂತೆ. ನರ್ಸಬಾಯಿಯ ಹೆಸರಿಲ್ಲ, ಬೋರಿಂಗಿನ ಹೆಸರಿಲ್ಲ. ಇರಲಿ, ಕೂಸು ಉಳಿಯಿತಲ್ಲ. ಕೂಸಿನ ಮೇಲೆ ನನಗೇನೂ ಸಿಟ್ಟಿಲ್ಲ. ಆ ಸೊಸೆ ಮೊನ್ನೆ ಪಾಳಿಯಲ್ಲಿ ನಿಂತಾಗ ಅತ್ತೆಗೆ ಕಾಣದ ಹಾಗೆ ನನ್ನ ಸೆರಗು ಹಿಡಿದು ಎಳೆದು ಬಿಟ್ಟಳು.

ಇನ್ನು ಮನೆಯ ವಿಚಾರ. ನಿಮ್ಮ ಮಾವ ಕಾಲಿಗೆ ಬೇವಿನೆಣ್ಣೆ ಹಚ್ಚಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದಾರೆ. ತಗಡನ್ನು ಹೊಡೆದು ನೆಟ್ಟಗೆ ಮಾಡಿ ಮೇಲೆ ಹಾಕಿ ಕಲ್ಲು ಹೇರಿದ್ದೇವೆ. ನಮ್ಮ ಹುಡುಗರು ಮಾಮಾ ಯಾವಾಗ ಬರುತ್ತಾನೆ ಎಂದು ಕೇಳುತ್ತಾರೆ, ಸೊಲ್ಲಾಪುರದ ಚಾದರ ತರುತ್ತೇನೆ ಎಂದು ನೀನೇ ಬಾಯಿ ಬಿಟ್ಟಿದ್ದೀ, ಈಗ ತಪ್ಪಿಸಿಕೊಳ್ಳಲಾಗದು. ಪಾಳಿ ಮುಗಿದ ಮೇಲೆ ಹೋಟೆಲಿನ ಚಾ ಕುಡಿದೇ ಹೊಟ್ಟೆ ತುಂಬಿಸಬೇಡ. ಮಿಲ್ಲಿನ ಹತ್ತಿಯ ಧೂಳಿಗೆ ನಿನ್ನ ಕೆಮ್ಮು ಹೆಚ್ಚಾಗಿದೆ ಎಂದು ಬರೆದಿದ್ದೀ, ಬೆಲ್ಲ ಶುಂಠಿ ಬಿಡಬೇಡ. ಒಳ್ಳೆಯದಾಗಲಿ ನಿನಗೆ. ತಲೆಯೆತ್ತಿ ನಡೆಯುವ ಊರಿನಲ್ಲಿದ್ದೀ, ತಲೆಯೆತ್ತಿಯೇ ಇರು. ನಮ್ಮವ್ವ ಇದ್ದಿದ್ದರೆ ಹೇಳುತ್ತಿದ್ದುದನ್ನು ಅವಳ ಬದಲಿಗೆ ನಾನೇ ಹೇಳುತ್ತಿದ್ದೇನೆ: ನೂರು ವರ್ಷ ಬಾಳು.

ನಿನ್ನ ಅಕ್ಕ,
ಉಡಚವ್ವ

ತಾ.ಕ.: ಇಷ್ಟಕ್ಕೇ ಮುಚ್ಚಿಬಿಡಬೇಕೆಂದಿದ್ದೆ. ಅಂಟು ಹಚ್ಚಲು ಅನ್ನ ತೆಗೆದುಕೊಂಡೂ ಆಗಿತ್ತು. ಆಗಲಿಲ್ಲ. ಹೇಳದಿದ್ದರೆ ಈ ಪತ್ರವೆಲ್ಲ ಸುಳ್ಳಾಗುತ್ತದೆ.

ಹಿಡಿಕೆ ತೊಳೆಯುವುದು ನಿಂತಿರಲಿಲ್ಲ ಮಾರೆಪ್ಪ. ಕೂಸು ಚೇತರಿಸಿಕೊಂಡ ಮೇಲೆ ಒಂದು ದಿನ ನಸುಕಿನಲ್ಲಿ ಎದ್ದು ನೀರಿಗೆ ಹೋದೆ. ಬೋರಿಂಗಿನ ಮುಂದೆ ಅಪ್ಪ ಕುಕ್ಕರಗಾಲಿನಲ್ಲಿ ಕೂತಿದ್ದ. ಕೈಯಲ್ಲಿ ನಾರು, ಮಗ್ಗುಲಲ್ಲಿ ಹುಣಸೆಹಣ್ಣು, ಬೂದಿ. ನನ್ನನ್ನು ಕಂಡು ಕೈ ನಿಲ್ಲಿಸಿದ, ಮುಚ್ಚಿಡಲಿಲ್ಲ. ಶಿದ್ಲಿಂಗಪ್ಪ ಬಂದು ಹೋದ ಮರುದಿನದಿಂದ ಅವನೇ ತೊಳೆದಿಡುತ್ತಿದ್ದನಂತೆ. ಊರೊಳಗಿನವರು ಬರುವ ಹೊತ್ತಿಗೆ ಪಕ್ಕದಲ್ಲಿ ಕೂತಿದ್ದು, ನಮ್ಮವರನ್ನು ಅವರ ಪಾಳಿ ಮುಗಿಯುವವರೆಗೆ ಮುಟ್ಟಗೊಡುತ್ತಿರಲಿಲ್ಲವಂತೆ. ಗೌಸಬಿಗೆ ಗೊತ್ತಿತ್ತು, ದಿಬ್ಬದಲ್ಲಿ ಎಲ್ಲರಿಗೂ ಗೊತ್ತಿತ್ತು, ಬಾಲವಾಡಿಗೆ ಹೋಗಿಬಿಡುತ್ತಿದ್ದ ನನಗೊಬ್ಬಳಿಗೆ ಗೊತ್ತಿರಲಿಲ್ಲ.

"ಏನ ಮಾಡಾಕತ್ತೀಯಪಾ ಇದು?" ಎಂದೆ.

"ಅವರು ತೊಳದ್ರ ನಿನಗ ಸಿಟ್ಟ ಬರ್ತೈತಿ. ತೊಳೀಲಿಲ್ಲಂದ್ರ ಅವರು ನೀರ ಒಯ್ಯೂದಿಲ್ಲ. ನಡುವ ಆ ಕೂಸು. ನಾ ತೊಳದ್ರ ಏನ ಹೋತು? ನನ್ನ ಕೈ ಮೊದಲಿಂದನೂ ಇದ ಕೆಲಸಾ ಮಾಡ್ಯಾವ."

"ದೀಕ್ಷಾ ತಗೊಂಡಾವ ನೀ. ಇನ್ನ ಮ್ಯಾಲ ಯಾರ ಮುಂದೂ ಬಗ್ಗೂದಿಲ್ಲಂತ ಹೇಳಿದಾವ."

"ಕೂಸಿನ ಮುಂದ ಬಗ್ಗೇನಿ" ಎಂದ. ಕೂಸು ಉಳಿದದ್ದು ಆ ನೀರಿನಿಂದಲೇ. ನನ್ನ ಕೊಡದ ನೀರು ಗಟಾರಕ್ಕೆ ಹೋಗಿತ್ತು. ಅಪ್ಪ ತೊಳೆದುಕೊಟ್ಟ ನೀರು ಒಳಗೆ ಹೋಯಿತು. ಅದಕ್ಕೇ ಸುಮ್ಮನಾದೆ. ನಿನಗೆ ಬರೆಯಬೇಡ ಎಂದ, ಅದಕ್ಕೂ ಹೂಂ ಎಂದೆ.

ಆದರೆ ಈಗ ಕೂಸಿಗೆ ಗುಣವಾಗಿದೆ. ಬಾವಿಯ ನೀರನ್ನೆಲ್ಲ ಎತ್ತಿ ಹಾಕಿ ಸ್ವಚ್ಛ ಮಾಡಿದ್ದಾರೆ. ಬೋರಿಂಗಿನ ನೀರು ಸಿಹಿ, ಬೇಳೆ ಬೇಗ ಬೇಯುತ್ತದೆ ಎಂದು ಅವರು ಇನ್ನೂ ಬರುತ್ತಾರೆ. ಅಪ್ಪ ಇನ್ನೂ ತೊಳೆಯುತ್ತಾನೆ. ನಾನು ಈ ಪತ್ರ ಬರೆಯಲು ಕೂತದ್ದು ನಿನ್ನೆಯ ಸಲುವಾಗಿ. ನಿನ್ನೆ ಬಾಲವಾಡಿಗೆ ರಜೆ ಇತ್ತು. ಅವರ ಪಾಳಿಯ ನಡುವೆಯೇ ಹೋಗಿ, ಯಾರನ್ನೂ ಕೇಳದೆ, ನನ್ನ ಕೊಡ ತುಂಬಿಕೊಂಡು ಹಿಡಿಕೆ ಬಿಟ್ಟೆ. ಮುಂದಿನ ಪಾಳಿ ನೀಲಗಂಗವ್ವನದು. ಆಕೆ ಹಿಡಿಕೆ ಮುಟ್ಟಲಿಲ್ಲ. ಬೈಯಲೂ ಇಲ್ಲ. ಬೇವಿನ ಗಿಡದ ಕೆಳಗೆ ಕೂತಿದ್ದ ಅಪ್ಪನ ಕಡೆ ತಿರುಗಿ, "ಗುತ್ತೆಪ್ಪಾ" ಎಂದಳು.

ಅಪ್ಪ ಎದ್ದು ಬಂದ. ನಾನು ಅಲ್ಲೇ ನಿಂತಿದ್ದೆ. ನಾನು ಹಿಡಿದಿದ್ದ ಜಾಗವನ್ನು, ನನ್ನ ಕಣ್ಣೆದುರಿಗೆ, ನನ್ನನ್ನು ಹೆತ್ತ ಅಪ್ಪ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದುಕೊಟ್ಟ.